ಮೂರು ಗಂಟೆಗೆ ಬರುವ ಕ್ಯಾರಿಯರ್

ಎಸರು ಕುದಿಸಿ ಹಿಟ್ಟು ಬಿಟ್ಟಿದ್ದೆ. ಕೋಲು ಹಿಡಿದು ಇನ್ನೇನು ತೊಳಸಬೇಕು, ಅಷ್ಟರಲ್ಲಿ ಗಣಿಯ ಏಳು ಗಂಟೆಯ ಸೈರನ್ ಕೂಗಿತು. ಕದಿರ ಹಾಸಿಗೆಯಿಂದ ಎದ್ದು ಬಂದು ನನ್ನ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡ. ದಿನವೂ ಹೀಗೇ. ಹೆಬ್ಬೆರಳಿನಿಂದ ಮಣಿಕಟ್ಟನ್ನು ಸುತ್ತಲೂ ಸವರುತ್ತಾನೆ, ಏನೋ ಹುಡುಕಿದವನಂತೆ ನಿಲ್ಲುತ್ತಾನೆ, ಆಮೇಲೆ ಬಿಟ್ಟುಬಿಡುತ್ತಾನೆ. ಅವನು ಬಿಡುವ ಹೊತ್ತಿಗೆ ಹಿಟ್ಟು ಗಂಟು ಕಟ್ಟಿರುತ್ತದೆ. ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಗಂಟಿಲ್ಲದ ಮುದ್ದೆ ಆಗಿರಲಿಲ್ಲ.

ಅವತ್ತು ಅವನು ಕೈ ಬಿಡುವ ಮೊದಲೇ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಬಂಗಾರಪೇಟೆ ಆಸ್ಪತ್ರೆಯ ನರ್ಸ್ ಮುನಿರತ್ನಮ್ಮ. ಮೊದಲ ರೈಲಿಗೆ ಬಂದಿದ್ದರು. ಕೈಯಲ್ಲಿ ಛತ್ರಿ, ಹೆಗಲಲ್ಲಿ ಬಟ್ಟೆಚೀಲ. ನಾನು ಕೋಲು ಬಿಟ್ಟು ಏಳಲು ಹೋದರೆ ಬೇಡ ಅಂದರು. ತಾನು ಸುಮ್ಮನೆ ಕೂತುಕೊಳ್ಳಲು ಬಂದದ್ದು, ಸಂಜೆಯ ತನಕ ಇರುವುದು, ಕಾಲಿಗೆ ಅಡ್ಡವಾಗದ ಒಂದು ಮೂಲೆ ತೋರಿಸಿದರೆ ಸಾಕು ಅಂದರು. ಅಕ್ಕಿ ಡಬ್ಬದ ಪಕ್ಕ ಚಾಪೆ ಹಾಕಿಕೊಟ್ಟೆ. ಗಂಟುಮುದ್ದೆಯನ್ನೇ ತಟ್ಟೆಗೆ ಹಾಕಿದೆ. ಬಿಡದೆ ಪೂರ್ತಿ ತಿಂದರು.

ಆ ದಿನದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಗ ಬೇಳೆ ಬೇಯಲು ಇಟ್ಟು ಕೂತಿದ್ದೇನೆ.

ಕದಿರಪ್ಪ ನಮಗೆ ಒಬ್ಬನೇ ಮಗ. ಆಗ ಅವನಿಗೆ ಇಪ್ಪತ್ತೈದು. ಆಳು ನನಗಿಂತ ಒಂದೂವರೆ ಪಾಲು. ನಡೆದದ್ದು ಮೂರು ವರ್ಷಕ್ಕೆ, ಫಿಟ್ಸ್ ಶುರುವಾದದ್ದು ನಾಲ್ಕಕ್ಕೆ. ಅವನಿಗಿದ್ದದ್ದು ಐದೇ ಮಾತು: ಅಪ್ಪ, ನೀರು, ರೈಲು, ಬೇಡ, ಮುಚ್ಚು. ಒಂದಕ್ಕೆ ಇನ್ನೊಂದನ್ನು ಸೇರಿಸಿ ಆಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕವನಿದ್ದಾಗ ಮಕ್ಕಳ ಡಾಕ್ಟರು ನೋಡುತ್ತಿದ್ದರು. ಮೀಸೆ ಬಂದ ಮೇಲೆ ಇನ್ನು ಇಲ್ಲಿಗೆ ಕರೆತರಬೇಡಿ, ದೊಡ್ಡವರ ಡಾಕ್ಟರಿಗೆ ತೋರಿಸಿ ಅಂದರು. ದೊಡ್ಡವರ ಡಾಕ್ಟರು ಇವನನ್ನು ನೋಡಿ, ಇದು ಹುಟ್ಟಿನಿಂದ ಬಂದದ್ದು, ಮಕ್ಕಳ ಡಾಕ್ಟರಿಗೇ ತೋರಿಸಿ ಅಂದರು. ನಡುವೆ ನಾನು ಚೀಟಿಗಳ ಗಂಟು ಹಿಡಿದು ಊರೂರು ಅಲೆದೆ. ಒಬ್ಬರು ಫಿಟ್ಸಿಗೆ ಕೊಟ್ಟರು, ಇನ್ನೊಬ್ಬರು ನರಕ್ಕೆ ಕೊಟ್ಟರು, ಮತ್ತೊಬ್ಬರು ನಿದ್ದೆಗೆ ಕೊಟ್ಟರು. ಮೊದಲಿನವರು ಏನು ಕೊಟ್ಟಿದ್ದಾರೆ ಎಂದು ಎರಡನೆಯವರು ಕೇಳಲಿಲ್ಲ. ನನಗೂ ಹೇಳಬೇಕೆಂದು ತಿಳಿಯಲಿಲ್ಲ.

ನನ್ನ ಗಂಡ ರಾಮಚಂದ್ರಪ್ಪನವರು ನಂದಿದುರ್ಗ ಚಿನ್ನದ ಗಣಿಯಲ್ಲಿ ನೆಲದೊಳಗಿನ ಕೆಲಸದವರು. ಬೆಳಗಿನ ಶಿಫ್ಟ್ ಮುಗಿದು ಮೂರು ಗಂಟೆಯ ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಮಗ ಹೊಸಿಲ ಮೇಲೆ ಕಾಯುತ್ತಿದ್ದ. ಅವರಿಬ್ಬರ ನಡುವೆ ಒಂದು ರೂಢಿ ಇತ್ತು. ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಕ್ಯಾಂಟೀನಿನ ಒಂದು ಬೋಂಡ ಇರುತ್ತಿತ್ತು. ಕದಿರ ಮೊದಲು ಅದನ್ನು ಬಿಚ್ಚಬೇಕು, ಆಮೇಲೆಯೇ ಅಪ್ಪ ಚಪ್ಪಲಿ ಬಿಡುವುದು.

ದೀಪಾವಳಿ ಕಳೆದ ವಾರ ಇವರು ಬೇತಮಂಗಲದ ಹತ್ತಿರದ ನಮ್ಮ ಊರಿಗೆ ಹೋದವರು ಅಲ್ಲೇ ಎದೆನೋವು ಬಂದು ತೀರಿಕೊಂಡರು. ಅಲ್ಲೇ ಹೊಲದಲ್ಲಿ ಮಣ್ಣು ಮಾಡಿದರು. ನಾನು ಸುದ್ದಿ ಕೇಳಿ ಓಡುವಾಗ ಕದಿರನನ್ನು ಪಕ್ಕದ ಮನೆಯ ಮಾರಿಯಮ್ಮನ ಕೈಗೆ ಕೊಟ್ಟು ಹೋದೆ. ಹನ್ನೊಂದು ದಿನ ಅವಳೇ ಉಣ್ಣಿಸಿ ಮಲಗಿಸಿದಳು. ಅವನು ಹೊಸಿಲ ಮೇಲೆ ಕೂತಾಗಲೆಲ್ಲ, ಅಪ್ಪ ಶಿಫ್ಟಿಗೆ ಹೋಗಿದ್ದಾರೆ ಎಂದು ಹೇಳಿದಳು. ಗಣಿಯವರ ಸಾಲುಮನೆಗಳಾದ ನಮ್ಮ ಲೈನಿನಲ್ಲಿ ಅಳುವ ಮಕ್ಕಳಿಗೆಲ್ಲ ಹೇಳುವುದು ಅದೇ. ನಾನು ವಾಪಸು ಬಂದ ಮೇಲೆ ಅದನ್ನು ತಿದ್ದಲಿಲ್ಲ. ಇವನಿಗೆ ಸಾವು ಎಲ್ಲಿ ತಿಳಿಯುತ್ತದೆ ಅಂದುಕೊಂಡೆ. ಆಮೇಲೆ ಇಡೀ ಲೈನಿನವರು ಅದನ್ನೇ ಹೇಳಿದರು.

ಅಂದಿನಿಂದ ಅವನು ಅಪ್ಪ ಎನ್ನುವ ಮಾತನ್ನು ಬಿಟ್ಟ. ತಲೆಯನ್ನು ಗೋಡೆಗೆ ಹೊಡೆದುಕೊಳ್ಳಲು ಶುರುಮಾಡಿದ. ಮುಷ್ಟಿಯಿಂದ ಬಲಗಣ್ಣಿನ ಪಕ್ಕಕ್ಕೆ ಗುದ್ದಿಕೊಳ್ಳುತ್ತಿದ್ದ. ಹೀಗೇ ಆದರೆ ಆ ಕಣ್ಣು ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದರು. ಒಂದು ದಿನ ತಡೆಯಲು ಹೋದ ನನ್ನನ್ನು ತಳ್ಳಿದ, ಒಲೆಯ ಮೇಲೆ ಬಿದ್ದು ಮೊಣಕೈ ಸುಟ್ಟಿತು.

ಗಂಡ ಹೋದ ಮೇಲೆ ನಮ್ಮ ಜೊತೆ ಇರಲು ಬಂದವನು ಮೈದುನ ದೊಡ್ಡವೆಂಕಟಪ್ಪ. ಅವನೂ ಅದೇ ಗಣಿಯಲ್ಲಿ ಕೆಲಸಕ್ಕಿದ್ದ. ಗಣಿಯವರು ಕೊಟ್ಟ ಮನೆ ಈಗ ಅವನ ಹೆಸರಿಗೆ. ಒಳ್ಳೆಯ ಮನುಷ್ಯ, ನನ್ನ ಸುಟ್ಟ ಕೈ ನೋಡಿ ಹೆದರಿದ. ಬೆಂಗಳೂರಿನ ಒಂದು ಹುಚ್ಚಾಸ್ಪತ್ರೆಗೆ ಸೇರಿಸುವ ಕಾಗದ ಬರೆಸಿಕೊಂಡು ಬಂದ. ನಾನು ಒಂದು ಹೆಬ್ಬೆಟ್ಟೋ ಸಹಿಯೋ ಹಾಕಿದರೆ ಸಾಕಾಗಿತ್ತು.

"ಅತ್ತಿಗೆ, ನಾನೇನು ಅವನ ಶತ್ರು ಅಲ್ಲ. ನಿಮ್ಮನ್ನ ಅವನು ಕೊಂದಾಕಿಬಿಟ್ರೆ ಅಣ್ಣಂಗೆ ನಾನು ಏನ್ ಮಖ ತೋರ್ಸ್ಲಿ?" ಅಂದ. ಶ್ರಾವಣದ ತನಕ ನೋಡೋಣ, ಆಮೇಲೆ ಕಳಿಸಲೇಬೇಕು ಎಂದು ಗಡುವು ಹಾಕಿದ.

ಬಂಗಾರಪೇಟೆಯ ಆಸ್ಪತ್ರೆಯ ಸುದ್ದಿ ಹೇಳಿದ್ದು ರೈಲಿನಲ್ಲಿ ಸಿಕ್ಕ ಒಬ್ಬ ಹೆಂಗಸು. ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ, ಹದಿನೈದು ದಿನಕ್ಕೊಮ್ಮೆ ಬುಧವಾರ. ಅಲ್ಲಿ ದೊಡ್ಡವರಾದ ಇಂಥ ಮಕ್ಕಳನ್ನೂ ನೋಡುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ನೋಡುತ್ತಾರೆ ಅಂದಳು. ಒಟ್ಟಿಗೆ ಕೂತು ಅಂದರೆ ನನಗೆ ಅರ್ಥವಾಗಿರಲಿಲ್ಲ. ಒಳಗೆ ಹೋದರೆ ಒಂದು ಮೇಜು, ಸುತ್ತ ನಾಲ್ಕು ಕುರ್ಚಿ. ಡಾಕ್ಟರ್ ಶ್ರೀನಿವಾಸಪ್ಪ, ನರ್ಸ್ ಮುನಿರತ್ನಮ್ಮ, ಮಕ್ಕಳಿಗೆ ಮಾತು ಮತ್ತು ಕೈಕೆಲಸ ಕಲಿಸುವ ಟೀಚರ್ ಅಶ್ವತ್ಥಮ್ಮ ಕೂತಿದ್ದರು. ನಾಲ್ಕನೆಯದು ಖಾಲಿ. ಮುಂದಿನ ರೋಗಿಯದೇನೋ ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ. ಯಾರೂ ಮಾತು ಶುರುಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ತಲೆ ಎತ್ತಿ, "ನೀವು ಕೂತ್ಕೊಳ್ಳೋ ತನಕ ನಾವು ಶುರು ಮಾಡೋ ಹಾಗಿಲ್ಲಮ್ಮ," ಅಂದರು.

ಹೀಗೆ ಆ ಕುರ್ಚಿ ನನ್ನದಾಯಿತು. ಚೀಟಿಗಳ ಗಂಟು ಬಿಚ್ಚಿ ಮೇಜಿನ ತುಂಬ ಹರಡಿದರು. ಒಂದೇ ಕೆಲಸದ ಮಾತ್ರೆ ಎರಡು ಹೆಸರಿನಲ್ಲಿ ಎರಡು ಸಲ ಹೋಗುತ್ತಿತ್ತು. ಅವನು ಜೊಲ್ಲು ಸುರಿಸುತ್ತಾ ತೂಗಾಡಿ ನಡೆಯುತ್ತಿದ್ದದ್ದು ಕಾಯಿಲೆಯಿಂದಲ್ಲ, ಅದರಿಂದ. ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಜಾಸ್ತಿಯಾಗುತ್ತದೆ, ಎರಡು ವಾರಕ್ಕೆ ಅರ್ಧ ಮಾತ್ರೆಯಂತೆ ಇಳಿಸೋಣ ಎಂದು ಡಾಕ್ಟರು ಗೊತ್ತುಮಾಡಿದರು. ಇವನಿಗೆ ಇರುವುದು ಒಂದೇ ಕಾಯಿಲೆಯಲ್ಲ, ಬುದ್ಧಿ ನಿಧಾನವಾದದ್ದು, ಫಿಟ್ಸು, ಜೊತೆಗೆ ಆಟಿಸಂ ಎಂಬುದು ಕೂಡ ಇದೆ ಎಂದು ಬಿಡಿಸಿ ಹೇಳಿದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಹೆಸರಿನಿಂದ ಏನೂ ಗುಣವಾಗುವುದಿಲ್ಲ, ಆದರೂ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ನಾನು ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ಅತ್ತೆ ಇಪ್ಪತ್ತು ವರ್ಷ ಹೇಳಿದ್ದರು.

ಟೀಚರ್ ಅಶ್ವತ್ಥಮ್ಮ ಅವನ ಮುಂದೆ ನೆಲದ ಮೇಲೆ ಕೂತು ಒಂದು ಗಂಟೆ ನೋಡಿದರು. ಬಲಗಡೆ ಅಗಿಯುವುದಿಲ್ಲ ಎಂದು ಕಂಡುಹಿಡಿದದ್ದು ಅವರೇ. ಬಾಯಿ ತೆರೆಸಿದರೆ ಒಂದು ದವಡೆಹಲ್ಲು ಕೊಳೆತಿತ್ತು. ಎಂಟು ತಿಂಗಳಲ್ಲಿ ಯಾವ ಡಾಕ್ಟರೂ ಅವನ ಬಾಯಿ ನೋಡಿರಲಿಲ್ಲ, ಅವನ ತಾಯಿಯಾದ ನಾನೂ ನೋಡಿರಲಿಲ್ಲ. ಹಲ್ಲು ಕೀಳಿಸಿದ ಮೇಲೆ ಬೆಳಗಿನ ಹೊಡೆದುಕೊಳ್ಳುವಿಕೆ ಕಡಿಮೆಯಾಯಿತು. ಮಧ್ಯಾಹ್ನದ್ದು ಮಾತ್ರ ಹೋಗಲಿಲ್ಲ. ದಿನವೂ ಏನಾಯಿತೆಂದು ಬರೆದಿಡಿ ಎಂದು ನನಗೊಂದು ನೋಟ್‌ಬುಕ್ ಕೊಟ್ಟರು. ಏಳನೇ ಕ್ಲಾಸಿನ ಮೇಲೆ ನಾನು ಪೆನ್ನು ಹಿಡಿದದ್ದು ಅದೇ ಮೊದಲು. ಮೂರರ ಹೊತ್ತಿಗೆ ಎಂದು ಹನ್ನೊಂದು ದಿನ ಬರೆದಿದ್ದೆ. ಅದನ್ನು ಓದಿಯೇ ಮುನಿರತ್ನಮ್ಮ ಮನೆಗೆ ಬಂದದ್ದು.

ನಮ್ಮ ಲೈನಿನಲ್ಲಿ ನಲ್ಲಿ ಬರುವುದು ಮಧ್ಯಾಹ್ನ. ಬೇತಮಂಗಲದ ಕೆರೆಯಿಂದ ಬರುವ ನೀರು, ಬಂದರೆ ಬಂತು. ಎರಡೂವರೆಗೆ ಬಿಂದಿಗೆ ಇಟ್ಟು ಸಾಲು ನಿಂತರೆ, "ನೀರ್ ಬರಲ್ವಾ? ಇವತ್ತೂ ಬರಲ್ವಾ?" ಎಂದು ಒಬ್ಬರನ್ನೊಬ್ಬರು ಕೇಳುವುದೇ ಕೆಲಸ. ಮಾರಿಯಮ್ಮನ ಗಂಟಲು ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಮೂರು ಗಂಟೆಗೆ ನಾನು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಕದಿರ ಕಿರುಚಿದ ಮೇಲೆ ಓಡಿ ಬರುತ್ತಿದ್ದೆ. ಅವತ್ತು ಮುನಿರತ್ನಮ್ಮ ಒಳಗೆ ಮೂಲೆಯಲ್ಲಿ ಕೂತಿದ್ದರು.

ನಾನು ಓಡಿ ಬಂದಾಗ ಅವರು ಅವನ ತಲೆಗೂ ಗೋಡೆಗೂ ನಡುವೆ ತಲೆದಿಂಬು ಹಿಡಿದು ನಿಂತಿದ್ದರು. ಕದಿರ ಸುಮ್ಮನಾದ ಮೇಲೆ ಅವರು ನೆಲದ ಮೇಲಿದ್ದ ಕ್ಯಾರಿಯರನ್ನು ತೋರಿಸಿ, ಇದು ಯಾರದು ಎಂದು ಕೇಳಿದರು. ದೊಡ್ಡವೆಂಕಟಪ್ಪನದು ಅಂದೆ. ಆಮೇಲೆ ನೆನಪಾಗಿ, ಮೊದಲು ಇವರದು, ಅಣ್ಣನದು ತಮ್ಮ ತೆಗೆದುಕೊಂಡು ಹೋಗುತ್ತಿದ್ದಾನೆ ಅಂದೆ.

ಅವರು ಕಂಡದ್ದನ್ನು ಹೇಳಿದರು. ಸೈರನ್ ಕೂಗಿದಾಗ ಕದಿರ ಹೊಸಿಲಿಗೆ ಹೋದ. ಮೈದುನ ಬಂದು ಕ್ಯಾರಿಯರ್ ಬಾಗಿಲಲ್ಲಿ ಇಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದ. ಕದಿರ ಕ್ಯಾರಿಯರ್ ಬಿಚ್ಚಿ ನೇರವಾಗಿ ಕೆಳಗಿನ ಡಬ್ಬಿ ತೆಗೆದ. ತೊಳೆದು ಖಾಲಿಯಾಗಿತ್ತು. ಅದರೊಳಗೆ ಕೈ ಹಾಕಿ ಸವರಿ ನೋಡಿದ. ಆಮೇಲೆ ಗೋಡೆಗೆ ಹೋದ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಿಂದಿಗೆ ನಲ್ಲಿಯ ಹತ್ತಿರವೇ ಇತ್ತು, ತುಂಬಿ ಹರಿಯುತ್ತಿದೆ ಎಂದು ಮಾರಿಯಮ್ಮ ಕೂಗುತ್ತಿದ್ದಳು.

ಮುಂದಿನ ಬುಧವಾರ ಮೇಜಿನ ಸುತ್ತ ಕೂತಾಗ ಡಾಕ್ಟರು ಮೊದಲು ತಮ್ಮ ತಪ್ಪು ಒಪ್ಪಿಕೊಂಡರು. ಮಧ್ಯಾಹ್ನಕ್ಕೆ ಒಂದು ಮಾತ್ರೆ ಜಾಸ್ತಿ ಮಾಡಬೇಕೆಂದು ಬರೆದಿಟ್ಟಿದ್ದರಂತೆ. ಆ ಚೀಟಿಯನ್ನು ನಮ್ಮ ಎದುರಿಗೇ ಹರಿದರು. ಆಮೇಲೆ ಟೀಚರ್ ಅಶ್ವತ್ಥಮ್ಮ ನನ್ನ ಕಡೆ ತಿರುಗಿ, ಅಪ್ಪನ ವಿಷಯ ಇವನಿಗೆ ಏನೆಂದು ಹೇಳಿದ್ದೀರಿ ಎಂದು ಕೇಳಿದರು. ಶಿಫ್ಟಿಗೆ ಹೋಗಿದ್ದಾರೆ ಎಂದು ಹೇಳಿದ್ದೇವೆ ಅಂದೆ. ಹೇಳಿದ ಮೇಲೆ ಅದು ನನಗೇ ಕೇಳಿಸಿತು. ಶಿಫ್ಟಿಗೆ ಹೋದವರು ಸೈರನ್ ಕೂಗಿದರೆ ಬರಬೇಕಲ್ಲ. ದಿನವೂ ಕೂಗುತ್ತದೆ, ದಿನವೂ ಅಪ್ಪನ ಕ್ಯಾರಿಯರ್ ಬರುತ್ತದೆ, ಅಪ್ಪ ಬರುವುದಿಲ್ಲ.

ಟೀಚರ್ ನನ್ನನ್ನು ಬೈಯಲಿಲ್ಲ. "ಅವನು ಕೇಳ್ತಾ ಇದಾನಮ್ಮ," ಅಂದರು. "ಎಂಟು ತಿಂಗಳಿಂದ ಕೇಳ್ತಾನೇ ಇದಾನೆ. ಡಬ್ಬಿನ ಕೇಳ್ತಾನೆ, ಗೋಡೆನ ಕೇಳ್ತಾನೆ. ಬೆಳಿಗ್ಗೆ ನಿಮ್ಮ ಕೈ ಹಿಡ್ಕೋತಾನೆ ಅಂತ ಬರ್ದಿದೀರಲ್ಲ, ಅಲ್ಲಿ ಮೊದ್ಲು ಏನಿತ್ತು?"

ಬಳೆ ಇತ್ತು. ಮುದ್ದೆ ತೊಳಸುವಾಗ ಬಳೆಯ ಸದ್ದು ಕೇಳಿಯೇ ಅವನು ಏಳುತ್ತಿದ್ದದ್ದು. ಹನ್ನೊಂದನೇ ದಿನ ತೆಗೆಸಿದ್ದರು.

ಮುನಿರತ್ನಮ್ಮ ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟರು. ಯಾರೂ ಅವಸರ ಮಾಡಲಿಲ್ಲ, ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಒಬ್ಬೊಬ್ಬರು ಒಂದೊಂದು ಕೆಲಸ ಹಂಚಿಕೊಂಡೆವು. ಮಾತ್ರೆ ಇಳಿಸುವುದು ಡಾಕ್ಟರದು. ವಾರಕ್ಕೊಮ್ಮೆ ಮನೆಗೆ ಬಂದು ಕಣ್ಣು, ತಲೆಯ ಗಾಯ ನೋಡುವುದು ಮುನಿರತ್ನಮ್ಮನದು. ಅಪ್ಪನ ಕ್ಯಾರಿಯರ್ ಇನ್ನು ಮೇಲೆ ಗಣಿಗೆ ಹೋಗಬಾರದು, ಕದಿರನ ಕೈಗೆ ಎಟುಕುವ ಗೂಡಿನಲ್ಲಿ ಇರಬೇಕು, ಅಪ್ಪನ ಬಗ್ಗೆ ಕೇಳಬೇಕೆನಿಸಿದಾಗ ಅವನು ಅದನ್ನು ತೆಗೆದು ನನ್ನ ಕೈಗೆ ಕೊಡುವುದನ್ನು ಕಲಿಸುತ್ತೇನೆ ಎಂದರು ಟೀಚರ್. ನಿಜ ಹೇಳುವುದು ಮಾತ್ರ ನನ್ನದು. "ನೀವೇ ಹೇಳ್ಬೇಕು. ನಾವು ಪಕ್ಕದಲ್ಲಿರ್ತೀವಿ," ಅಂದರು. ಸತ್ತರು ಎನ್ನುವ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಂದವರೆಲ್ಲರಿಗೂ ಇವರು ಹೋಗಿಬಿಟ್ಟರು ಎಂದಷ್ಟೇ ಹೇಳುತ್ತಿದ್ದೆ.

ಲೈನಿನವರ ಬಾಯಿ ತಿದ್ದುವ ಕೆಲಸ ಮಾರಿಯಮ್ಮನಿಗೆ ಬಂತು. ವಿಷಯ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನ್ ಒಳ್ಳೇದಾಗ್ಲಿ ಅಂತ ಹೇಳ್ದೆ ಅಕ್ಕ, ಆ ಮಗೂಗೆ ನಾನೇ ಮುಳ್ ಚುಚ್ಚಿದಂಗಾಯ್ತೇ," ಅಂದಳು. ಸಂಜೆಯೊಳಗೆ ಮೂವತ್ತು ಮನೆಗೂ ಹೋಗಿ ಬಂದಳು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ತನ್ನವರಿಗೆ ತಮಿಳಿನಲ್ಲಿ, ಇನ್ನು ಯಾರಾದರೂ ಶಿಫ್ಟು ಗಿಫ್ಟು ಅಂದರೆ ನಾಲಗೆ ಕೀಳುತ್ತೇನೆ ಎಂದು ಹೇಳಿ ಬಂದಳು.

ಮೈದುನ ಬಟ್ಟೆಚೀಲದಲ್ಲಿ ಬೇರೆ ಡಬ್ಬಿ ತೆಗೆದುಕೊಂಡು ಹೋಗತೊಡಗಿದ. ಬೀದಿಯ ತುದಿಯಿಂದಲೇ, "ಲೇ ಕದಿರಾ, ನಾನು ಕಣ್ಲಾ, ಚಿಕ್ಕಪ್ಪ," ಎಂದು ಕೂಗಿಕೊಂಡು ಬರುತ್ತಿದ್ದ. ಮೊದಲ ವಾರ ಹೊಡೆದುಕೊಳ್ಳುವುದು ಕಡಿಮೆಯಾಗುವುದಿರಲಿ, ಜಾಸ್ತಿಯಾಯಿತು. ಕ್ಯಾರಿಯರ್ ಬಾರದ್ದು ಕಂಡು ಕದಿರ ಬಿದಿರಿನ ತಟ್ಟಿಗೋಡೆಯನ್ನೇ ಒದ್ದು ತೂತು ಮಾಡಿದ. ದೊಡ್ಡವೆಂಕಟಪ್ಪ ತೂತಿನಿಂದ ಕಾಣುವ ಬೀದಿಯನ್ನು ನೋಡುತ್ತಾ ಕೂತಿದ್ದು, ಆಮೇಲೆ ಎದ್ದು ಹೋಗಿ ಬೆಂಗಳೂರಿನ ಆಸ್ಪತ್ರೆಯ ಆ ಕಾಗದ ತಂದು ನನ್ನ ಮುಂದೆ ಇಟ್ಟ. ಶ್ರಾವಣಕ್ಕೆ ಒಂಬತ್ತು ದಿನ ಇತ್ತು. ನಾನು ಸಹಿ ಹಾಕಲಿಲ್ಲ. ಮುಂದಿನ ಬುಧವಾರ ಆಗಲಿ ಅಂದೆ. ಹಾಕಿಬಿಡುತ್ತಿದ್ದೆನೇನೋ, ಎಂದೂ ಶನಿವಾರ ಬಾರದ ಮುನಿರತ್ನಮ್ಮ ಅವತ್ತು ಬಂದರು. ಯಾಕೆ ಬಂದಿರಿ ಎಂದರೆ, ಮೊದಲ ವಾರ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು ಅಂದರು. ಮೈದುನನ ಜೊತೆ ಸೇರಿ ತೂತಿಗೆ ತಗಡು ಬಡಿದು ಹೋದರು.

ಎರಡನೇ ವಾರ ಒಂದು ದಿನ ಕದಿರ ಗೂಡಿನಿಂದ ಕ್ಯಾರಿಯರ್ ತೆಗೆದು ತಂದು ನನ್ನ ಮಡಿಲಲ್ಲಿ ಇಟ್ಟ. ಹೊಡೆದುಕೊಳ್ಳಲಿಲ್ಲ. ಇಟ್ಟು ನನ್ನ ಬಾಯಿಯನ್ನೇ ನೋಡಿದ.

ಬೇಳೆ ಉಕ್ಕಿತು, ಇಳಿಸಿ ಬಂದೆ. ಆ ಕಾಗದ ಈಗ ಈ ನೋಟ್‌ಬುಕ್ಕಿಗೆ ಹೊದಿಕೆಯಾಗಿದೆ. ದಪ್ಪ ಕಾಗದ, ಚೆನ್ನಾಗಿ ಬಾಳಿಕೆ ಬಂದಿದೆ.

ಆ ಬುಧವಾರ ನಾವು ಬಂಗಾರಪೇಟೆಗೆ ಹೋಗಲಿಲ್ಲ, ನಿಜ ಹೇಳಲು ಕದಿರನನ್ನು ನಮ್ಮ ಊರಿನ ಹೊಲಕ್ಕೆ ಕರೆದುಕೊಂಡು ಹೊರಟೆವು. ಮುನಿರತ್ನಮ್ಮನೂ ಟೀಚರೂ ಬೇತಮಂಗಲದ ಬಸ್ ಸ್ಟಾಂಡಿನಲ್ಲಿ ನಮಗಾಗಿ ಕಾಯುತ್ತಿದ್ದರು. ಡಾಕ್ಟರಿಗೆ ರೋಗಿಗಳನ್ನು ಬಿಟ್ಟು ಬರಲು ಆಗಲಿಲ್ಲ, ದಾರಿಯಲ್ಲಿ ಫಿಟ್ಸ್ ಬಂದರೆ ಇರಲಿ ಎಂದು ಮುನಿರತ್ನಮ್ಮನ ಕೈಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ದೊಡ್ಡವೆಂಕಟಪ್ಪ ರಜೆ ಹಾಕಿ ಬಂದಿದ್ದ. ಕದಿರ ಬಸ್ಸಿನ ಉದ್ದಕ್ಕೂ ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಸ್ ಸ್ಟಾಂಡಿನ ಅಂಗಡಿಯಲ್ಲಿ ಮೈದುನ ಅವನಿಗೊಂದು ಬೋಂಡ ಕೊಡಿಸಿದ. ಅವನು ತಿನ್ನಲಿಲ್ಲ. ಕ್ಯಾರಿಯರ್ ಬಿಚ್ಚಿ, ಕೆಳಗಿನ ಡಬ್ಬಿಯಲ್ಲಿ ಇಟ್ಟು, ಮುಚ್ಚು ಎಂದು ತಾನೇ ಹೇಳಿಕೊಂಡು ಮುಚ್ಚಿದ. ದೊಡ್ಡವೆಂಕಟಪ್ಪ ಅಂಗಡಿಯ ಕಡೆಗೆ ಮುಖ ತಿರುಗಿಸಿ ಬಹಳ ಹೊತ್ತು ನಿಂತ.

ಹೊಲದ ಅಂಚಿನಲ್ಲಿ ಹೊಂಗೆ ಮರ. ಅದರ ಕೆಳಗೆ ಇವರನ್ನು ಮಣ್ಣು ಮಾಡಿದ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಮಳೆಗೆ ಹುಲ್ಲು ಬೆಳೆದಿತ್ತು. ಅಲ್ಲಿಗೆ ಗಣಿಯ ಸೈರನ್ ಕೇಳಿಸುವುದಿಲ್ಲ. ಟೀಚರೂ ಮುನಿರತ್ನಮ್ಮನೂ ಎರಡು ಹೆಜ್ಜೆ ಹಿಂದೆ ನಿಂತರು. ನಾನು ಕದಿರನನ್ನು ಹುಲ್ಲಿನ ಮೇಲೆ ಕೂರಿಸಿ, ಕೈಯನ್ನು ಆ ಮಣ್ಣಿನ ಮೇಲೆ ಇಡಿಸಿದೆ.

"ಅಪ್ಪ ಶಿಫ್ಟಿಗೆ ಓಗಿಲ್ಲ ಕಣಪ್ಪ," ಅಂದೆ. "ಸುಳ್ ಹೇಳಿದ್ವಿ. ಅಪ್ಪ ಸತ್ತೋದ್ರು. ಇಲ್ಲೇ ಮಣ್ಣೊಳಗವ್ರೆ."

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಡಿದ ಮೇಲೆ ಎದೆ ಒಡೆಯಲಿಲ್ಲ. ಹಿಂದೆ ನಿಂತವರ ಉಸಿರು ಕೇಳಿಸುತ್ತಿತ್ತು, ಅಷ್ಟು ಸಾಕಾಯಿತು.

ಕದಿರ ನನ್ನ ಕಡೆ ನೋಡಲಿಲ್ಲ. ಕ್ಯಾರಿಯರ್ ಬಿಚ್ಚಿ ಕೆಳಗಿನ ಡಬ್ಬಿಯನ್ನು ದಿಬ್ಬದ ಮೇಲೆ ಕಲ್ಲಿನ ಹತ್ತಿರ ಇಟ್ಟ. ಬೋಂಡ ಕಾಣುವ ಹಾಗೆ ತೆರೆದಿಟ್ಟು, ಕಾದ. ಒಂದು ಇರುವೆ ಡಬ್ಬಿಯ ಅಂಚು ಹತ್ತಿತು. ಇನ್ನೂ ಕಾದ. ಅವನ ಬಲಗೈ ಮುಷ್ಟಿಯಾದದ್ದು ನೋಡಿ ಮೈದುನ ಮುಂದೆ ಬರಲು ಹೋದ, ಮುನಿರತ್ನಮ್ಮ ಅವನ ತೋಳು ಹಿಡಿದು ನಿಲ್ಲಿಸಿದರು. ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಆ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಹೆಬ್ಬೆರಳು ಬರಿಯ ಚರ್ಮದ ಮೇಲೆ ಒಂದು ಸುತ್ತು ಬಂತು. ಈ ಸಲ ಅವನು ಬಿಡಲಿಲ್ಲ. ನಲ್ಲಿಯ ಕಡೆಯಿಂದ ದಿನವೂ ಅವನ ಕಿವಿಗೆ ಬೀಳುತ್ತಿದ್ದ ಮಾತಿಗೆ, ಎಂಟು ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಸೇರಿಸಿ, ನನ್ನ ಮುಖ ನೋಡಿ ಕೇಳಿದ.

"ಅಪ್ಪ ಬರಲ್ವಾ?"